ಮಂಗನ ಕಾಯಿಲೆಯ ಪೇಪರಿಗೆ ಎಷ್ಟು ಅಂಕ?

ಪ್ರತಿವರ್ಷ ಸೆಪ್ಟೆಂಬರ್ ಆಸುಪಾಸಿನಲ್ಲಿ ಪತ್ರಿಕೆಗಳ ಜಿಲ್ಲಾ ಪುಟಗಳಲ್ಲಿ ಒಂದೇ ಅಚ್ಚಿನ ಸುದ್ದಿಗಳು ಸಾಲುಗಟ್ಟಿ ಬರುತ್ತವೆ. ಇಂಥ ಕಾಲೇಜಿನ ಇಂಥ ಪ್ರಾಧ್ಯಾಪಕರು ಜಗತ್ತಿನ ಅಗ್ರ ಶೇ 2ರಷ್ಟು ವಿಜ್ಞಾನಿಗಳ ಪಟ್ಟಿಗೆ ಸೇರಿದ್ದಾರೆ, ಆಡಳಿತ ಮಂಡಳಿ ಅಭಿನಂದಿಸಿದೆ. ಜೊತೆಗೊಂದು ಫೋಟೊ. ಪಟ್ಟಿಯೇನೂ ಸುಳ್ಳಲ್ಲ. ಅಮೆರಿಕದ ಸ್ಟ್ಯಾನ್‌ಫರ್ಡ್ ವಿಶ್ವವಿದ್ಯಾಲಯದ ವೈದ್ಯಕೀಯ ಸಂಶೋಧಕ ಜಾನ್ ಅಯಾನಿಡಿಸ್ ಮತ್ತು ಸಂಗಡಿಗರು 2019ರಿಂದ ಇದನ್ನು ಹೊರತರುತ್ತಿದ್ದಾರೆ. ಲೆಕ್ಕಕ್ಕೆ ಬೇಕಾದ ದತ್ತಾಂಶ ಎಲ್ಸೆವಿಯರ್ ಪ್ರಕಾಶನ ಸಂಸ್ಥೆಯ ಸ್ಕೋಪಸ್ ಭಂಡಾರದ್ದು. ಒಬ್ಬರ ಸಂಶೋಧನಾ ಲೇಖನಗಳನ್ನು ಉಳಿದ ಸಂಶೋಧಕರು ತಮ್ಮ ಲೇಖನಗಳ ಆಧಾರಪಟ್ಟಿಯಲ್ಲಿ ಎಷ್ಟು ಸಲ ಹೆಸರಿಸಿದ್ದಾರೆ, ಆ ಲೇಖನಗಳಲ್ಲಿ ಇವರು ಮೊದಲ ಲೇಖಕರೋ ಕೊನೆಯವರೋ, ಇಂಥವನ್ನೆಲ್ಲ ಕೂಡಿಸಿ ಒಂದು ಅಂಕ ಕೊಡುತ್ತಾರೆ. ಆದರೆ ಯಲ್ಲಾಪುರದಲ್ಲೋ ಶಿರಸಿಯಲ್ಲೋ ಕುಳಿತು ಸುದ್ದಿ ಓದುವವರಿಗೆ ಅದು ಬೇರೆಯೇ ಅರ್ಥದಲ್ಲಿ ತಲುಪುತ್ತದೆ: ಈ ಡಾಕ್ಟರು ನೂರಕ್ಕೆ ತೊಂಬತ್ತೆಂಟು ಡಾಕ್ಟರರಿಗಿಂತ ಮೇಲು. ಪಟ್ಟಿ ಹಾಗೆ ಹೇಳುವುದಿಲ್ಲ. ಉಲ್ಲೇಖಗಳ ಲೆಕ್ಕ ಮೊದಲು ಅಳೆಯುವುದು ಒಂದು ವಿಷಯದ ಬಗ್ಗೆ ಜಗತ್ತಿನಲ್ಲಿ ಎಷ್ಟು ಜನ ಬರೆಯುತ್ತಿದ್ದಾರೆ ಎಂಬುದನ್ನು. ಸಂಶೋಧಕನ ಕೆಲಸದ ಬೆಲೆ ಅದರೊಳಗೆ ಎಲ್ಲೋ ಕಲಸಿಹೋಗಿರುತ್ತದೆ. ಎರಡನ್ನೂ ಬಿಡಿಸಿ ನೋಡದೆ ಆ ಅಂಕವನ್ನೇ ನೇಮಕಾತಿಗೆ, ಬಡ್ತಿಗೆ, ಅನುದಾನಕ್ಕೆ ಅಳತೆಗೋಲು ಮಾಡಿಕೊಂಡರೆ ನಷ್ಟವಾಗುವುದು ನಮ್ಮಂಥ ಪ್ರದೇಶಗಳಿಗೆ. ಇದಕ್ಕೆ ಸಾಕ್ಷಿ ಹುಡುಕಿಕೊಂಡು ದೂರ ಹೋಗಬೇಕಿಲ್ಲ, ಸಿದ್ದಾಪುರದ ಗಡಿ ದಾಟಿದರೆ ಮಂಗನ ಕಾಯಿಲೆ ಮೊದಲು ಪತ್ತೆಯಾದ, ಸೊರಬ ತಾಲೂಕಿನ ಕ್ಯಾಸನೂರು ಕಾಡಿದೆ.

ಕಾಡಿಗೆ ಹೋಗುವ ಮೊದಲು ಈ ಲೆಕ್ಕ ಎಲ್ಲಿಂದ ಬಂತೆಂದು ತಿಳಿದುಕೊಳ್ಳುವುದು ಒಳ್ಳೆಯದು. ಉಲ್ಲೇಖಗಳನ್ನು ಪಟ್ಟಿ ಮಾಡುವ ಯೋಚನೆಯನ್ನು ಯೂಜೀನ್ ಗಾರ್ಫೀಲ್ಡ್ ಎಂಬಾತ 1955ರಲ್ಲಿ ‘ಸೈನ್ಸ್’ ಪತ್ರಿಕೆಯಲ್ಲಿ ಮುಂದಿಟ್ಟ. ಅವನಿಗೆ ಮಾದರಿಯಾದದ್ದು ಅಮೆರಿಕದ ವಕೀಲರು ಬಳಸುತ್ತಿದ್ದ ಒಂದು ಕೈಪಿಡಿ. ಹಳೆಯ ತೀರ್ಪೊಂದನ್ನು ಮುಂದಿನ ಯಾವ ತೀರ್ಪುಗಳು ಎತ್ತಿಹಿಡಿದವು, ಯಾವುವು ತಳ್ಳಿಹಾಕಿದವು ಎಂದು ಅದರಲ್ಲಿ ಹುಡುಕಬಹುದಿತ್ತು. ವಿಜ್ಞಾನಿಗೂ ಅಂಥದ್ದೊಂದು ದಾರಿದೀಪ ಇರಲಿ, ತಪ್ಪೆಂದು ಸಾಬೀತಾದ ಲೇಖನವನ್ನು ಗೊತ್ತಿಲ್ಲದೆ ಆಧಾರವಾಗಿ ಬಳಸುವ ಪ್ರಮಾದ ತಪ್ಪಲಿ ಎಂಬುದು ಅವನ ಉದ್ದೇಶ. ಹುಡುಕುವ ಸಾಧನ ತೂಗುವ ತಕ್ಕಡಿಯಾದದ್ದು ಆಮೇಲೆ. ಒಂದು ಜರ್ನಲ್ಲಿನ ಹಿಂದಿನ ಎರಡು ವರ್ಷಗಳ ಲೇಖನಗಳಿಗೆ ಈ ವರ್ಷ ಬಂದ ಉಲ್ಲೇಖಗಳನ್ನು ಆ ಲೇಖನಗಳ ಸಂಖ್ಯೆಯಿಂದ ಭಾಗಿಸಿದರೆ ಸಿಗುವುದೇ ಇಂಪ್ಯಾಕ್ಟ್ ಫ್ಯಾಕ್ಟರ್. ಗ್ರಂಥಾಲಯಗಳು ಯಾವ ಜರ್ನಲ್ ತರಿಸಬೇಕೆಂದು ನಿರ್ಧರಿಸಲು ಅದು ಉಪಯೋಗಕ್ಕೆ ಬಂತು, ಕ್ರಮೇಣ ಆ ಜರ್ನಲ್ಲಿನಲ್ಲಿ ಬರೆದವರ ಯೋಗ್ಯತೆಗೇ ಅಂಟಿಕೊಂಡಿತು. 2005ರಲ್ಲಿ ಹೋರ್ಹೆ ಹಿರ್ಷ್ ಎಂಬ ಭೌತವಿಜ್ಞಾನಿ ಎಚ್-ಇಂಡೆಕ್ಸ್ ಸೂಚಿಸಿದರು. ಒಬ್ಬರ ಲೇಖನಗಳಲ್ಲಿ ಕನಿಷ್ಠ 20 ಲೇಖನಗಳು ತಲಾ 20 ಅಥವಾ ಅದಕ್ಕಿಂತ ಹೆಚ್ಚು ಸಲ ಉಲ್ಲೇಖಗೊಂಡಿದ್ದರೆ ಅವರ ಎಚ್ ಕನಿಷ್ಠ 20. ಲೆಕ್ಕ ಎಷ್ಟು ಸುಲಭವೆಂದರೆ ಆಯ್ಕೆ ಸಮಿತಿಯ ಸದಸ್ಯರು ಅಭ್ಯರ್ಥಿಯ ಒಂದು ಲೇಖನವನ್ನೂ ಓದದೆ ಅಭಿಪ್ರಾಯ ಹೇಳಬಹುದು. ಅದರ ಜನಪ್ರಿಯತೆಯ ಗುಟ್ಟೂ ಅದೇ ಇರಬೇಕು. ವಿಷಯದಿಂದ ವಿಷಯಕ್ಕೆ ಎಚ್ ಬಹಳ ಬದಲಾಗುತ್ತದೆ, ಒಂದು ಸಂಖ್ಯೆಯಲ್ಲಿ ಮನುಷ್ಯನ ಕೆಲಸವನ್ನೆಲ್ಲ ಹಿಡಿಯಲಾಗದು ಎಂದು ಹಿರ್ಷ್ ಅದೇ ಲೇಖನದಲ್ಲಿ ಬರೆದಿದ್ದರು. 2020ರಲ್ಲಂತೂ ತಮ್ಮ ಅಳತೆಗೋಲು ಹಾನಿಯನ್ನೂ ಮಾಡಬಲ್ಲದು ಎಂದು ತಾವೇ ಎಚ್ಚರಿಸಿದರು.

ಈಗ ಕ್ಯಾಸನೂರಿಗೆ ಬರೋಣ. 1957ರ ಬೇಸಿಗೆಯ ಹೊತ್ತಿಗೆ ಅಲ್ಲಿನ ಕಾಡಿನಲ್ಲಿ ಮುಸಿಯಗಳೂ ಕೆಂಪು ಮಂಗಗಳೂ ಸಾಯುತ್ತಿದ್ದವು, ಕಾಡಂಚಿನ ಹಳ್ಳಿಗಳ ಜನ ಭಾರಿ ಜ್ವರ, ಮೈಕೈ ನೋವು, ರಕ್ತಸ್ರಾವದಿಂದ ಮಲಗಿದ್ದರು. ಮಂಗಗಳ ಸಾವು ಎಂದ ಕೂಡಲೇ ಮೊದಲು ಹುಟ್ಟಿದ್ದು ಹಳದಿ ಜ್ವರದ ಭಯ. ಆಫ್ರಿಕ, ದಕ್ಷಿಣ ಅಮೆರಿಕಗಳ ಆ ರೋಗ ಏಷ್ಯಾಕ್ಕೆ ಕಾಲಿಟ್ಟಿತೇ ಎಂಬ ಆತಂಕದಲ್ಲಿ ಪುಣೆಯ ವೈರಸ್ ಸಂಶೋಧನಾ ಕೇಂದ್ರದ ತಂಡ ಧಾವಿಸಿತು. ರಾಕೆಫೆಲ್ಲರ್ ಪ್ರತಿಷ್ಠಾನ ಮತ್ತು ಭಾರತೀಯ ವೈದ್ಯಕೀಯ ಸಂಶೋಧನಾ ಮಂಡಳಿ (ಐಸಿಎಂಆರ್) ಸೇರಿ 1952ರಲ್ಲಿ ಸ್ಥಾಪಿಸಿದ್ದ ಆ ಕೇಂದ್ರವೇ ಇಂದಿನ ರಾಷ್ಟ್ರೀಯ ವೈರಾಣು ಸಂಸ್ಥೆ. ಸಿಕ್ಕಿದ ವೈರಸ್ ಹಳದಿ ಜ್ವರದ್ದಾಗಿರಲಿಲ್ಲ. ಸೈಬೀರಿಯದ ಕಡೆ ಉಣುಗು ಕಚ್ಚಿ ಹರಡುವ ಮಿದುಳು ಜ್ವರದ ವೈರಸ್ಸಿನ ಸಂಬಂಧಿಯಾಗಿತ್ತು. ಇಲ್ಲೂ ಅದನ್ನು ಸಾಗಿಸುವುದು ಉಣುಗೇ, ಅದರಲ್ಲೂ ಮುಖ್ಯವಾಗಿ ಹೀಮಾಫೈಸಾಲಿಸ್ ಸ್ಪಿನಿಜೆರಾ ಎಂಬ ಜಾತಿಯದು. ಟೆಲ್‌ಫರ್ಡ್ ವರ್ಕ್ ಮತ್ತು ಹೆರಾಲ್ಡ್ ಟ್ರಪೀಡೊ ಇದರ ಮೊದಲ ಸಂಕ್ಷಿಪ್ತ ವರದಿಯನ್ನು 1957ರಲ್ಲೇ ಅಚ್ಚು ಹಾಕಿಸಿದ್ದು ಮುಂಬೈಯಿಂದ ಹೊರಡುತ್ತಿದ್ದ ‘ಇಂಡಿಯನ್ ಜರ್ನಲ್ ಆಫ್ ಮೆಡಿಕಲ್ ಸೈನ್ಸಸ್’ನಲ್ಲಿ. ಬರೀ ಎರಡು ಪುಟ. ಹೊಸ ರೋಗವೊಂದನ್ನು ಜಗತ್ತಿಗೆ ಪರಿಚಯಿಸಿದ ಆ ಪುಟಗಳನ್ನು ಇಂದಿನ ಬಡ್ತಿ ಅರ್ಜಿಗೆ ಲಗತ್ತಿಸಿದರೆ, ಜರ್ನಲ್ಲಿನ ಇಂಪ್ಯಾಕ್ಟ್ ಫ್ಯಾಕ್ಟರ್ ಎಷ್ಟು ಎಂಬ ಪ್ರಶ್ನೆಯೇ ಮೊದಲು ಬಂದೀತು.

ನಂತರದ ಹದಿನೈದಿಪ್ಪತ್ತು ವರ್ಷ ಸಾಗರ, ಸೊರಬದ ಕಾಡುಗಳಲ್ಲಿ ನಡೆದ ಕೆಲಸ ಬೆವರಿನದು. ಟಿ. ರಾಮಚಂದ್ರ ರಾವ್, ಪಿ. ಕೆ. ರಾಜಗೋಪಾಲನ್ ಮೊದಲಾದವರು ಕಾಡಿನ ನೆಲದ ಮೇಲೆ ಬಟ್ಟೆ ಎಳೆದು ಉಣುಗು ಹಿಡಿದರು, ಇಲಿ, ಹಕ್ಕಿ, ದನಗಳ ಮೈಮೇಲಿನ ಉಣುಗುಗಳನ್ನು ಎಣಿಸಿದರು, ಸತ್ತ ಮಂಗಗಳ ಜಾಡು ಹಿಡಿದು ನಡೆದರು. ಕೊಲಂಬಿಯದಿಂದ ಬಂದ ಹೋರ್ಹೆ ಬೊಷೆಲ್ 1969ರಲ್ಲಿ ಬರೆದ ಲೇಖನ ಇಂದಿಗೂ ಓದಲು ಯೋಗ್ಯ. ಕಾಡು ಕಡಿದು ಗದ್ದೆ ಮಾಡಿದ್ದು, ಊರ ದನಗಳು ಕಾಡಿನೊಳಗೆ ಮೇಯಲು ಹೋಗತೊಡಗಿದ್ದು, ಅವುಗಳ ರಕ್ತ ಕುಡಿದು ಉಣುಗಿನ ಸಂತತಿ ಬೆಳೆದದ್ದು, ಹೀಗೆ ರೋಗದ ಹಿಂದಿರುವ ನೆಲದ ಕಥೆಯನ್ನು ಅವರು ಬಿಡಿಸಿಟ್ಟರು. ಸಿದ್ದಾಪುರ, ಶಿರಸಿ ಕಡೆಯ ತೋಟಿಗರಿಗೆ ಇದರ ಅರ್ಥ ತಕ್ಷಣ ಆಗುತ್ತದೆ. ಅಡಿಕೆ ತೋಟಕ್ಕೆ ಸೊಪ್ಪು, ದರಕು ತರಲು ಬೆಟ್ಟಕ್ಕೆ ಹೋಗುವ ಒಣ ತಿಂಗಳುಗಳೇ ಮರಿ ಉಣುಗುಗಳು ತರಗೆಲೆಯಲ್ಲಿ ತುಂಬಿರುವ ತಿಂಗಳುಗಳೂ ಹೌದು. ಡಿಸೆಂಬರಿನಿಂದ ಮೇವರೆಗೆ ಕಾಯಿಲೆ ಏಕೆ ಬರುತ್ತದೆ, ಮಳೆ ಬಿದ್ದ ಮೇಲೆ ಏಕೆ ಇಳಿಯುತ್ತದೆ ಎಂಬುದಕ್ಕೆ ಉತ್ತರ ಸಿಕ್ಕಿದ್ದು ಈ ಉಣುಗು ಎಣಿಸುವ ಕೆಲಸದಿಂದ. ಈ ಲೇಖನಗಳಿಗೆ ಉಲ್ಲೇಖ ಎಷ್ಟು ಬರಬಹುದು? ಉಲ್ಲೇಖಿಸಬೇಕಾದವರು ಇನ್ನೊಬ್ಬ ಸಂಶೋಧಕರೇ ಆಗಬೇಕು, ಅವರೂ ಇದೇ ರೋಗದ ಬಗ್ಗೆ ಬರೆಯುತ್ತಿರಬೇಕು. ದಶಕಗಳ ಕಾಲ ಪಶ್ಚಿಮ ಘಟ್ಟದ ಒಂದು ಪಟ್ಟಿಯೊಳಗೇ ಉಳಿದ ರೋಗ ಇದು. ವೈರಸ್ಸೋ ಅತಿ ಅಪಾಯದ ಗುಂಪಿನದು, ಪ್ರಯೋಗಾಲಯದಲ್ಲಿ ಕೆಲಸ ಮಾಡಿದವರಿಗೇ ಸೋಂಕು ತಗುಲಿದ ದಾಖಲೆಗಳಿವೆ. ಜೀವಂತ ವೈರಸ್ ಇಟ್ಟುಕೊಂಡು ಕೆಲಸ ಮಾಡಬಲ್ಲ ಪ್ರಯೋಗಾಲಯಗಳೇ ಬೆರಳೆಣಿಕೆಯಷ್ಟು. ಡೆಂಗಿ ಕುರಿತು ವರ್ಷಕ್ಕೆ ಸಾವಿರಾರು ಲೇಖನಗಳು ಬರುತ್ತವೆ, ಏಕೆಂದರೆ ಸಿಂಗಪುರದಿಂದ ಬ್ರೆಜಿಲ್‌ವರೆಗೆ ಡೆಂಗಿ ಇದೆ. ಮಂಗನ ಕಾಯಿಲೆಯ ಲೇಖನಕ್ಕೂ ಡೆಂಗಿಯ ಲೇಖನಕ್ಕೂ ಉಲ್ಲೇಖ ಎಣಿಸಿ ಮೇಲುಕೀಳು ಹೇಳುವುದೆಂದರೆ, ಶಿರಸಿಯ ಮಾರಿಕಾಂಬಾ ಜಾತ್ರೆಯಲ್ಲಿ ಅಂಗಡಿ ಹಾಕಿದವನ ವ್ಯಾಪಾರವನ್ನೂ ಹಳ್ಳಿಯ ಸಂತೆಯಲ್ಲಿ ಕೂತವನ ವ್ಯಾಪಾರವನ್ನೂ ತಾಳೆ ನೋಡಿ ಯಾರ ಬಳೆ ಗಟ್ಟಿ ಎಂದು ತೀರ್ಮಾನಿಸಿದಂತೆ.

ಇನ್ನೊಂದು ತೊಡಕು ಕಾಲದ್ದು. 2012ರ ನಂತರ ಈ ಕಾಯಿಲೆ ತನ್ನ ಹಳೆಯ ಐದು ಜಿಲ್ಲೆಗಳ ಎಲ್ಲೆ ಮೀರಿತು. ಮೊದಲು ಬಂಡೀಪುರ, ನೀಲಗಿರಿ, ವಯನಾಡು; ಆಮೇಲೆ 2015ರಲ್ಲಿ ಗೋವಾದ ಸತ್ತರಿ ತಾಲೂಕು, 2016ರಲ್ಲಿ ಮಹಾರಾಷ್ಟ್ರದ ಸಿಂಧುದುರ್ಗ. 2019ರ ಆರಂಭದಲ್ಲಿ ಸಾಗರ ತಾಲೂಕಿನ ಅರಲಗೋಡು ಭಾಗ ನಲುಗಿತು, 2024ರಲ್ಲಿ ಸಿದ್ದಾಪುರ ತಾಲೂಕು. ಹೊಸ ತಲೆಮಾರಿನ ಸಂಶೋಧಕರು ಉಣುಗಿನ ಬದುಕು, ಮಂಗಗಳ ಪಾತ್ರ, ದನಗಳ ಪಾತ್ರದ ಬಗ್ಗೆ ಏನು ಗೊತ್ತಿದೆ ಎಂದು ಹುಡುಕಿದಾಗ ಕೈಗೆ ಸಿಕ್ಕಿದ್ದರಲ್ಲಿ ಬಹುಪಾಲು 1960ರ ದಶಕದ ಸಾಗರದ ಲೇಖನಗಳು. ಅಶೋಕ ಪರಿಸರ ಸಂಶೋಧನಾ ಸಂಸ್ಥೆ, ಬ್ರಿಟನ್ನಿನ ಪರಿಸರ ವಿಜ್ಞಾನಿಗಳು, ಕರ್ನಾಟಕದ ಆರೋಗ್ಯ ಇಲಾಖೆಯವರು ಒಟ್ಟಿಗೆ ಕುಳಿತು ಯಾವ ಕಾಡಂಚಿನಲ್ಲಿ ಅಪಾಯ ಹೆಚ್ಚು ಎಂಬ ನಕ್ಷೆಯನ್ನು 2020ರಲ್ಲಿ ಪ್ರಕಟಿಸಿದ್ದರ ಬೆನ್ನಿಗೂ ಆ ಹಳೆಯ ಎಣಿಕೆಯ ಪುಸ್ತಕಗಳೇ ಇವೆ. ಐವತ್ತು ವರ್ಷ ತೆಪ್ಪಗಿದ್ದ ಲೇಖನ ಬೇಕಾದಾಗ ಎದ್ದು ಬಂದು ದುಡಿದಿದೆ. ಇಂಪ್ಯಾಕ್ಟ್ ಫ್ಯಾಕ್ಟರಿನ ಕಣ್ಣು ಎರಡು ವರ್ಷದಾಚೆ ನೋಡುವುದಿಲ್ಲ. ಬರೆದವರಲ್ಲಿ ಹಲವರು ನಿವೃತ್ತರಾಗಿ, ಕೆಲವರು ತೀರಿಯೂ ಹೋದ ಮೇಲೆ ಅವರ ಎಚ್ ಏರಿದ್ದರೆ ಅದರಿಂದ ಅವರ ಯಾವ ಬಡ್ತಿಗೂ ಉಪಕಾರವಾಗಿಲ್ಲ.

ಲಸಿಕೆಯ ಕಥೆ ಇದಕ್ಕಿಂತ ಹೆಚ್ಚು ಕಣ್ಣು ತೆರೆಸುವಂಥದ್ದು. ಫಾರ್ಮಾಲಿನ್‌ನಿಂದ ನಿಷ್ಕ್ರಿಯಗೊಳಿಸಿದ ವೈರಸ್ಸಿನ ಲಸಿಕೆಯನ್ನು ರಾಜ್ಯದ ಮೂರು ಜಿಲ್ಲೆಗಳಲ್ಲಿ ಪರೀಕ್ಷಿಸಿದ ಫಲಿತಾಂಶ 1994ರಲ್ಲಿ ಐಸಿಎಂಆರ್‌ನ ಜರ್ನಲ್ಲಿನಲ್ಲಿ ಬಂತು. ಒಂದು ಡೋಸಿಗೆ ಶೇ 79.3, ಎರಡು ಡೋಸಿಗೆ ಶೇ 93.5 ರಕ್ಷಣೆ ಎಂದು ಅದು ಹೇಳಿತು. ಆ ಭರವಸೆಯ ಮೇಲೆ ಮಲೆನಾಡಿನ ಹಳ್ಳಿಗಳಲ್ಲಿ ವರ್ಷಾನುವರ್ಷ ಲಸಿಕೆ ಹಾಕಲಾಯಿತು. ಹಾಕಿಸಿಕೊಂಡವರಿಗೂ ಕಾಯಿಲೆ ಬರುತ್ತಿದೆ ಎಂಬ ಮಾತು ಊರುಗಳಲ್ಲಿ ಓಡಾಡುತ್ತಿತ್ತು. ಆ ಮಾತನ್ನು ಅಂಕಿಯಲ್ಲಿ ಹಿಡಿದವರು ಶಿವಮೊಗ್ಗದ ವೈರಸ್ ಪತ್ತೆ ಪ್ರಯೋಗಾಲಯದ ಗುದಡಪ್ಪ ಕಸಬಿ, ಸೋಂಕುಶಾಸ್ತ್ರಜ್ಞ ಮನೋಜ್ ಮುರ್ಹೇಕರ್ ಮತ್ತು ಸಂಗಡಿಗರು. 2005ರಿಂದ 2010ರವರೆಗಿನ ಇಲಾಖೆಯ ದಾಖಲೆಗಳನ್ನು ಸೋಸಿ, 2013ರಲ್ಲಿ ‘ಪ್ಲಾಸ್ ನೆಗ್ಲೆಕ್ಟೆಡ್ ಟ್ರಾಪಿಕಲ್ ಡಿಸೀಸಸ್’ ಜರ್ನಲ್ಲಿನಲ್ಲಿ ಅವರು ತೋರಿಸಿದ್ದು ಇಷ್ಟು: ಎರಡು ಡೋಸಿನ ರಕ್ಷಣೆ ಶೇ 62.4 ಮಾತ್ರ, ಅದರ ಮೇಲೆ ಬೂಸ್ಟರ್ ಹಾಕಿಸಿಕೊಂಡರೆ ಶೇ 82.9; ಅಷ್ಟೂ ಡೋಸು ಪೂರೈಸಿದವರೋ ತೀರ ಕಡಿಮೆ. ಪ್ರಯೋಗಶಾಲೆಯಲ್ಲಿ ಬೆರಗು ಹುಟ್ಟಿಸುವ ಶೋಧ ಇದಲ್ಲ. ಆದರೆ ಬೆಟ್ಟಕ್ಕೆ ಹೋಗುವ ಮನುಷ್ಯನಿಗೆ, ತಾನು ಲಸಿಕೆ ಹಾಕಿಸಿಕೊಂಡಿದ್ದೇನೆ ಎಂಬ ಧೈರ್ಯ ಎಷ್ಟರ ಮಟ್ಟಿಗೆ ನಿಜ ಎಂದು ತಿಳಿಸುವ ಶೋಧ. 2022ರಲ್ಲಿ ಆ ಲಸಿಕೆಯ ಬಳಕೆಯನ್ನೇ ನಿಲ್ಲಿಸಲಾಯಿತು. 1994ರ ಲೇಖನವನ್ನೂ 2013ರ ಲೇಖನವನ್ನೂ ಉಲ್ಲೇಖದ ಲೆಕ್ಕದಲ್ಲಿ ಪಕ್ಕಪಕ್ಕ ಇಟ್ಟರೆ ಎರಡಕ್ಕೂ ಒಂದೊಂದು ಸಂಖ್ಯೆ ಸಿಗುತ್ತದೆ. ಯಾವುದು ಯಾವುದನ್ನು ತಿದ್ದಿತು, ಯಾವುದು ಯಾರ ಮೈಮೇಲೆ ಏನು ಪರಿಣಾಮ ಬೀರಿತು ಎಂಬುದು ಆ ಸಂಖ್ಯೆಯಲ್ಲಿ ಇರುವುದಿಲ್ಲ.

ಬಡ್ತಿಯ ನಿಯಮಗಳ ಬೆಳಕಿನಲ್ಲಿ ಇದೇ 2013ರ ಲೇಖನವನ್ನು ನೋಡಿದರೆ ಅಸಂಗತ ಅನ್ನಿಸುತ್ತದೆ. ವೈದ್ಯಕೀಯ ಕಾಲೇಜಿನ ಅಧ್ಯಾಪಕರು ಮೇಲಿನ ಹುದ್ದೆಗೆ ಹೋಗಲು ಸಂಶೋಧನಾ ಲೇಖನಗಳು ಕಡ್ಡಾಯ ಎಂದ ಭಾರತೀಯ ವೈದ್ಯಕೀಯ ಮಂಡಳಿ, 2015ರಲ್ಲಿ ಹೊರಡಿಸಿದ ಸ್ಪಷ್ಟೀಕರಣದಲ್ಲಿ ಮೊದಲ ಮತ್ತು ಎರಡನೆಯ ಲೇಖಕರಿಗೆ ಮಾತ್ರ ಮಾನ್ಯತೆ, ಆನ್‌ಲೈನ್ ಜರ್ನಲ್ಲುಗಳಿಗೆ ಮಾನ್ಯತೆ ಇಲ್ಲ ಎಂದಿತು. ಒಬ್ಬ ರೋಗಿಯ ವರದಿಯೂ ಲೆಕ್ಕಕ್ಕಿಲ್ಲ. ಆ 2013ರ ಲೇಖನಕ್ಕೆ ಏಳು ಮಂದಿ ಲೇಖಕರು. ಪ್ರಕಟವಾದ ಜರ್ನಲ್ ಆನ್‌ಲೈನಿನಲ್ಲಿ ಮಾತ್ರ ಇರುವಂಥದ್ದು. ಅವರೆಲ್ಲ ಕಾಲೇಜು ಅಧ್ಯಾಪಕರಾಗಿದ್ದಿದ್ದರೆ ಏಳರಲ್ಲಿ ಒಬ್ಬರಿಗೂ ಅದರಿಂದ ಬಡ್ತಿ ಸಿಗುತ್ತಿರಲಿಲ್ಲ. ಒಬ್ಬ ರೋಗಿಯ ವರದಿಯನ್ನು ಕೈಬಿಟ್ಟದ್ದಂತೂ ನಮ್ಮ ಜಿಲ್ಲೆಯ ಮಟ್ಟಿಗೆ ಇನ್ನೂ ವಿಚಿತ್ರ. ಹೊಸ ಹೋಬಳಿಗೆ ಮಂಗನ ಕಾಯಿಲೆ ಕಾಲಿಟ್ಟಾಗ ಮೊದಲು ಸಿಗುವುದು ಒಬ್ಬನೇ ರೋಗಿ. ಅವನನ್ನು ಗುರುತಿಸಿ ಬರೆದಿಟ್ಟ ವೈದ್ಯ ಮಾಡಿದ್ದು ಸಣ್ಣ ಕೆಲಸವಲ್ಲ. 2020ರಲ್ಲಿ ನಿಯಮ ಸಡಿಲಗೊಂಡು ಆನ್‌ಲೈನ್ ಜರ್ನಲ್ಲುಗಳು, ಮೊದಲ ಮೂವರು ಲೇಖಕರು, ಹಲವು ರೋಗಿಗಳ ಸರಣಿ ವರದಿಗಳು ಒಳಗೆ ಬಂದವು. ಒಂಟಿ ರೋಗಿಯ ವರದಿ ಹೊರಗೇ ಉಳಿಯಿತು.

ಇಷ್ಟಕ್ಕೆ ಬರುವ ಮೊದಲ ಆಕ್ಷೇಪ ಬಲವಾದದ್ದು. ಸಂಖ್ಯೆಯನ್ನು ಕಿತ್ತುಹಾಕಿದರೆ ಆ ಜಾಗಕ್ಕೆ ಬರುವುದು ಓದುವ, ವಿವೇಚಿಸುವ ಸಮಿತಿಯಲ್ಲ. ಜಾತಿ, ಶಿಫಾರಸು, ದುಡ್ಡು. ಎಚ್-ಇಂಡೆಕ್ಸಿಗೆ ಕನಿಷ್ಠ ಮಾವಂದಿರಿಲ್ಲ. ಈ ಮಾತನ್ನು ಸುಮ್ಮನೆ ತಳ್ಳಿಹಾಕಲು ಸಾಧ್ಯವಿಲ್ಲ, ಅದರಲ್ಲೂ ಕರ್ನಾಟಕದಲ್ಲಿ ಕುಳಿತು. 2005ರಿಂದ 2014ರವರೆಗಿನ ಹತ್ತು ವರ್ಷಗಳಲ್ಲಿ ದೇಶದ 579 ವೈದ್ಯಕೀಯ ಸಂಸ್ಥೆಗಳ ಪ್ರಕಟಣೆಗಳನ್ನು ಸಮೀರನ್ ನಂದಿ ಮತ್ತು ಸಂಗಡಿಗರು ಲೆಕ್ಕ ಹಾಕಿದಾಗ 332 ಸಂಸ್ಥೆಗಳಿಂದ, ಅಂದರೆ ಶೇ 57.3ರಷ್ಟರಿಂದ, ಒಂದೇ ಒಂದು ಲೇಖನವೂ ಬಂದಿರಲಿಲ್ಲ. ಖಾಸಗಿ ಕಾಲೇಜುಗಳು ಹೆಚ್ಚಿರುವ ರಾಜ್ಯಗಳ ಸ್ಥಿತಿ ಇನ್ನೂ ಕೆಟ್ಟದ್ದು. ಕರ್ನಾಟಕ, ಕೇರಳಗಳಲ್ಲಿ ಶೇ 90ಕ್ಕೂ ಹೆಚ್ಚು ಕಾಲೇಜುಗಳದ್ದು ಸೊನ್ನೆ. ಇಂಥ ಕಡೆ ಎಣಿಕೆ ಬೇಕು. ಸೊನ್ನೆಗೂ ಹತ್ತಕ್ಕೂ ಇರುವ ಅಂತರ ನಿಜವಾದದ್ದು, ಅದನ್ನು ತೋರಿಸಿದ್ದೂ ಎಣಿಕೆಯೇ. ನನ್ನ ತಕರಾರು ಇರುವುದು ಸೊನ್ನೆ ಹಿಡಿಯುವ ಸಾಧನವನ್ನೇ ಹತ್ತಕ್ಕಿಂತ ಹನ್ನೆರಡು ಮೇಲು ಎನ್ನಲು ಬಳಸುವಲ್ಲಿ. ಪಕ್ಷಪಾತಕ್ಕೆ ಸಂಖ್ಯೆ ಮದ್ದು ಎಂಬುದೂ ಪೂರ್ತಿ ನಿಜವಲ್ಲ, ಏಕೆಂದರೆ ಸಂಖ್ಯೆಯನ್ನು ಬೆಳೆಸಲು ಬರುತ್ತದೆ. ಚೆನ್ನೈ ಕಡೆಯ ಒಂದು ದಂತ ವೈದ್ಯಕೀಯ ಕಾಲೇಜಿನಲ್ಲಿ ವಿದ್ಯಾರ್ಥಿಗಳಿಂದ ಲೇಖನಗಳನ್ನು ರಾಶಿಗಟ್ಟಲೆ ಬರೆಸಿ, ಅವುಗಳಲ್ಲಿ ಅದೇ ಸಂಸ್ಥೆಯ ಹಳೆಯ ಲೇಖನಗಳನ್ನು ತುರುಕಿ ಉಲ್ಲೇಖ ಏರಿಸಿದ ಬಗೆ 2023ರಲ್ಲಿ ‘ಸೈನ್ಸ್’ ಪತ್ರಿಕೆಯ ತನಿಖಾ ವರದಿಯಲ್ಲಿ ಬಯಲಾಯಿತು. ಶುಲ್ಕ ಕೊಟ್ಟರೆ ಏನನ್ನೂ ಅಚ್ಚು ಹಾಕುವ ಜರ್ನಲ್ಲುಗಳ ಹಾವಳಿಗೂ ಬಡ್ತಿ ನಿಯಮಗಳಿಗೂ ನಂಟಿದೆ. ಅಯಾನಿಡಿಸ್ ತಮ್ಮ ಪಟ್ಟಿಯಲ್ಲಿ ಸ್ವಂತ ಉಲ್ಲೇಖಗಳನ್ನು ಸೇರಿಸಿದ ಅಂಕ, ಬಿಟ್ಟ ಅಂಕ ಎರಡನ್ನೂ ಬೇರೆಬೇರೆ ಕೊಡುವುದು ಈ ಕಾರಣಕ್ಕೇ. ಆ ಎರಡನೆಯ ಕಾಲಮ್ಮನ್ನು ಯಾವ ಅಭಿನಂದನಾ ಫ್ಲೆಕ್ಸಿನಲ್ಲಿಯೂ ಅಚ್ಚು ಹಾಕಿಸುವುದಿಲ್ಲ. ಅಂದಹಾಗೆ, ಪ್ರಕಟವಾದ ಸಂಶೋಧನಾ ಫಲಿತಾಂಶಗಳಲ್ಲಿ ಹೆಚ್ಚಿನವು ತಪ್ಪು ಎಂದು 2005ರಲ್ಲಿ ವಾದಿಸಿ ಹೆಸರಾದವರೂ ಇದೇ ಅಯಾನಿಡಿಸ್.

ಎಣಿಕೆ ಪರ ಇರುವವರಲ್ಲಿ ಸೂಕ್ಷ್ಮ ಬಲ್ಲವರು ಬೇರೆ ಮಾತು ಹೇಳುತ್ತಾರೆ. ಮಂಗನ ಕಾಯಿಲೆಯನ್ನು ಡೆಂಗಿಗೆ ಹೋಲಿಸುವುದು ತಪ್ಪು ಎಂದು ಎಲ್ಲರಿಗೂ ಗೊತ್ತು. ಹಾಗೆಂದೇ ಈಗಿನ ಲೆಕ್ಕಗಳಲ್ಲಿ ಒಬ್ಬರನ್ನು ಅವರವರ ಉಪವಿಭಾಗದೊಳಗೇ ಹೋಲಿಸುತ್ತಾರಲ್ಲ ಎಂದು. ನಿಜ, ಶೇ 2ರ ಪಟ್ಟಿಯಲ್ಲೂ ಆ ವ್ಯವಸ್ಥೆ ಇದೆ. ಆದರೆ ಆ ಉಪವಿಭಾಗಗಳ ಬೇಲಿ ಎಷ್ಟು ವಿಶಾಲವಾದದ್ದು ಎಂದು ನೋಡಬೇಕು. ವೈರಾಣುಶಾಸ್ತ್ರ ಎಂಬ ಒಂದೇ ಬೇಲಿಯೊಳಗೆ ಏಡ್ಸ್, ಕೊರೊನಾ, ಡೆಂಗಿ, ಕ್ಯಾಸನೂರು ಎಲ್ಲ ಇವೆ. 2020ರ ಜನವರಿಯಲ್ಲಿ ‘ಲ್ಯಾನ್ಸೆಟ್’ನಲ್ಲಿ ಬಂದ, ವುಹಾನ್ ನಗರದ 41 ಕೊರೊನಾ ರೋಗಿಗಳನ್ನು ವಿವರಿಸಿದ ಲೇಖನಕ್ಕೆ ಹತ್ತಾರು ಸಾವಿರ ಉಲ್ಲೇಖಗಳು ಬಂದವು. ಅದು ಒಳ್ಳೆಯ ಲೇಖನ, ಅನುಮಾನವಿಲ್ಲ. ಆದರೆ ಮಾಡಿದ ಕೆಲಸದ ಬಗೆಯನ್ನಷ್ಟೇ ನೋಡಿದರೆ, ಹೊಸ ಜ್ವರವೊಂದನ್ನು ರೋಗಿಗಳ ಹಾಸಿಗೆಯ ಬಳಿ ನಿಂತು ದಾಖಲಿಸಿದ್ದು. 1957ರಲ್ಲಿ ಸೊರಬದ ಹಳ್ಳಿಗಳಲ್ಲಿ ನಡೆದದ್ದೂ ಅದೇ. ವ್ಯತ್ಯಾಸ ರೋಗ ಎಲ್ಲೆಲ್ಲಿಗೆ ಹೋಯಿತು ಎಂಬುದರಲ್ಲಿದೆ. 1990ರ ದಶಕದಲ್ಲಿ ಸೌದಿ ಅರೇಬಿಯದಲ್ಲಿ ಅಲ್‌ಖುಮ್ರಾ ಎಂಬ ವೈರಸ್ ಸಿಕ್ಕಿ, ಅದು ಕ್ಯಾಸನೂರಿನದರ ಹತ್ತಿರದ ಬಂಧು ಎಂದು ಗೊತ್ತಾದಾಗ ಅಲ್ಲಿನವರೂ ನಮ್ಮ ಹಳೆಯ ಲೇಖನಗಳನ್ನು ಹೆಸರಿಸಬೇಕಾಯಿತು. ಅದರಿಂದ ಹಳೆಯ ಲೇಖನಗಳ ಗುಣ ಒಂದು ಕೂದಲೆಳೆಯೂ ಏರಲಿಲ್ಲ, ಅಂಕ ಮಾತ್ರ ಏರಿತು. ಉಲ್ಲೇಖವೆಂದರೆ ಮೆಚ್ಚುಗೆ ಎಂಬುದೂ ಹುಸಿ. ಎಂಎಂಆರ್ ಲಸಿಕೆಯಿಂದ ಆಟಿಸಂ ಬರುತ್ತದೆಂಬ ಅನುಮಾನ ಬಿತ್ತಿದ ಆಂಡ್ರೂ ವೇಕ್‌ಫೀಲ್ಡ್‌ನ 1998ರ ಲೇಖನವನ್ನು ‘ಲ್ಯಾನ್ಸೆಟ್’ 2010ರಲ್ಲಿ ಹಿಂತೆಗೆದುಕೊಂಡಿತು. ಅದನ್ನು ಉಲ್ಲೇಖಿಸಿದ ಸಾವಿರಕ್ಕೂ ಹೆಚ್ಚು ಬರಹಗಳಲ್ಲಿ ಮುಕ್ಕಾಲು ಪಾಲಿನಷ್ಟು ಅದನ್ನು ಖಂಡಿಸಿದ ಬರಹಗಳೇ. ಲೆಕ್ಕದ ಯಂತ್ರಕ್ಕೆ ಬೈಗುಳವೂ ಒಂದು, ಹೊಗಳಿಕೆಯೂ ಒಂದು. ಗಾರ್ಫೀಲ್ಡನಿಗೆ ಮಾದರಿಯಾದ ವಕೀಲರ ಕೈಪಿಡಿಯಲ್ಲಿ ಎತ್ತಿಹಿಡಿದ ತೀರ್ಪಿಗೊಂದು ಗುರುತು, ತಳ್ಳಿಹಾಕಿದ್ದಕ್ಕೊಂದು ಗುರುತು ಇತ್ತು. ಅದೊಂದನ್ನು ವಿಜ್ಞಾನದ ಲೆಕ್ಕ ದಾರಿಯಲ್ಲೇ ಕಳೆದುಕೊಂಡಿತು.

ಮೂರನೆಯ ಆಕ್ಷೇಪ ನಮ್ಮ ಕಡೆಯವರಿಗೆ ಕಹಿಯಾದದ್ದು, ಹಾಗೆಂದೇ ಅದನ್ನು ಮುಚ್ಚಿಡಬಾರದು. ಸ್ಥಳೀಯ ಉಪಯೋಗವನ್ನು ಅಳತೆಗೋಲು ಮಾಡಿದರೆ ಸ್ಥಳೀಯ ಹಿತಾಸಕ್ತಿಯೇ ಅಳತೆಗೋಲಾಗುವುದಿಲ್ಲವೇ? ಅಡಿಕೆಯನ್ನೇ ನೋಡಿ. ವಿಶ್ವ ಆರೋಗ್ಯ ಸಂಸ್ಥೆಯ ಅಂತರರಾಷ್ಟ್ರೀಯ ಕ್ಯಾನ್ಸರ್ ಸಂಶೋಧನಾ ಸಂಸ್ಥೆ 2004ರಲ್ಲಿ ಪ್ರಕಟಿಸಿದ ತನ್ನ 85ನೆಯ ಸಂಪುಟದಲ್ಲಿ ಅಡಿಕೆಯನ್ನು ಮನುಷ್ಯರಿಗೆ ಕ್ಯಾನ್ಸರ್‌ಕಾರಕ ಎಂದು ಮೊದಲ ಗುಂಪಿಗೆ ಸೇರಿಸಿತು. ಶಿರಸಿ, ಸಿದ್ದಾಪುರ, ಯಲ್ಲಾಪುರದ ಬದುಕು ನಿಂತಿರುವುದೇ ಆ ಬೆಳೆಯ ಮೇಲೆ. ಅಡಿಕೆಯಲ್ಲಿ ಔಷಧೀಯ ಗುಣವಿದೆ ಎಂದು ಹೇಳುವ ಲೇಖನಗಳು ಇಲ್ಲಿನ ಸಭೆಗಳಲ್ಲಿ, ಮನವಿಪತ್ರಗಳಲ್ಲಿ ಓಡಾಡುತ್ತವೆ, ಎದುರಿನವು ಓಡಾಡುವುದಿಲ್ಲ. ಇಲ್ಲಿಗೆ ಬೇಕಾದ ಸಂಶೋಧನೆ ಎಂದರೆ ಇಲ್ಲಿಗೆ ಹಿತವಾದ ಸಂಶೋಧನೆ ಎಂದುಕೊಂಡರೆ ನನ್ನ ಇಡೀ ವಾದ ಕುಸಿಯುತ್ತದೆ. ಆದರೆ ಆ ಕ್ಯಾನ್ಸರ್ ಸಂಸ್ಥೆಯ ತಜ್ಞರ ಗುಂಪು ತೀರ್ಮಾನಕ್ಕೆ ಬಂದ ಬಗೆಯನ್ನು ಗಮನಿಸಿ. ಅವರು ಪರವಾಗಿ ಎಷ್ಟು ಲೇಖನ, ವಿರುದ್ಧ ಎಷ್ಟು, ಯಾರ ಎಚ್ ಎಷ್ಟು ಎಂದು ಎಣಿಸಲಿಲ್ಲ. ತಂಬಾಕು ಹಾಕದೆ ಬರೀ ಅಡಿಕೆ ಜಗಿಯುವವರನ್ನು ಬೇರ್ಪಡಿಸಿ ನೋಡಿದ ಅಧ್ಯಯನ ಯಾವುದು, ಬೇರ್ಪಡಿಸದ್ದು ಯಾವುದು ಎಂದು ಒಂದೊಂದನ್ನೂ ಓದಿದರು. ತೈವಾನಿನಲ್ಲಿ ತಂಬಾಕಿಲ್ಲದೆ ಅಡಿಕೆ ಜಗಿಯುವ ರೂಢಿ ಇರುವುದರಿಂದ ಅಲ್ಲಿನ ಅಧ್ಯಯನಗಳಿಗೆ ಹೆಚ್ಚು ತೂಕ ಬಂತು. ಒಪ್ಪದವರು ಆ ತರ್ಕಕ್ಕೆ ತರ್ಕದಲ್ಲೇ ಉತ್ತರ ಕೊಡಬೇಕಾಗುತ್ತದೆ, ಎಷ್ಟು ಲೇಖನಗಳ ಕಟ್ಟು ತಂದರೂ ಸಾಲದು. ಓದಿ ತೂಗುವುದು ಸ್ಥಳೀಯ ಮುಲಾಜಿಗೆ ದಾರಿ ಮಾಡಿಕೊಡುತ್ತದೆ ಎಂಬ ಭಯಕ್ಕೆ ಇದೇ ಉತ್ತರ. ಮಂಗನ ಕಾಯಿಲೆಯಲ್ಲೂ ಸ್ಥಳೀಯವಾಗಿ ಅಹಿತವಾದ ಫಲಿತಾಂಶವನ್ನು, ಅಂದರೆ ನಮ್ಮ ಲಸಿಕೆ ನಂಬಿದಷ್ಟು ಕೆಲಸ ಮಾಡುತ್ತಿಲ್ಲ ಎಂಬುದನ್ನು, ಬಯಲಿಗಿಟ್ಟವರಲ್ಲಿ ಮೊದಲ ಹೆಸರು ಶಿವಮೊಗ್ಗದ ಕಸಬಿಯವರದ್ದೇ.

ಹಾಗಾದರೆ ಮಾಡಬೇಕಾದ್ದೇನು ಎಂಬುದಕ್ಕೆ ಹೊಸದಾಗಿ ಏನನ್ನೂ ಕಂಡುಹಿಡಿಯಬೇಕಿಲ್ಲ. ಜರ್ನಲ್ಲಿನ ಇಂಪ್ಯಾಕ್ಟ್ ಫ್ಯಾಕ್ಟರಿನಿಂದ ವ್ಯಕ್ತಿಯನ್ನು ಅಳೆಯಬೇಡಿ ಎಂದು 2013ರ ಸ್ಯಾನ್ ಫ್ರಾನ್ಸಿಸ್ಕೊ ಘೋಷಣೆ ಹೇಳಿದೆ. 2015ರಲ್ಲಿ ‘ನೇಚರ್’ನಲ್ಲಿ ಬಂದ ಲೈಡನ್ ಪ್ರಣಾಳಿಕೆಯ ಹತ್ತು ಸೂತ್ರಗಳಲ್ಲಿ ಒಂದು, ಸ್ಥಳೀಯ ಮಹತ್ವದ ಉತ್ತಮ ಸಂಶೋಧನೆಯನ್ನು ಕಾಪಾಡಬೇಕು ಎಂಬುದೇ ಆಗಿದೆ. ಇವನ್ನು ಕಾರವಾರದ ವೈದ್ಯಕೀಯ ವಿಜ್ಞಾನ ಸಂಸ್ಥೆಯ, ಹುಬ್ಬಳ್ಳಿಯ ಅಥವಾ ಶಿವಮೊಗ್ಗದ ಒಂದು ಆಯ್ಕೆ ಸಮಿತಿಯ ಮೇಜಿಗೆ ಇಳಿಸುವುದೆಂದರೆ, ಅಭ್ಯರ್ಥಿ ತನ್ನ ಎಲ್ಲ ಲೇಖನಗಳ ಪಟ್ಟಿಯ ಬದಲು ಮೂರನ್ನು ಮಾತ್ರ ಮುಂದಿಡಬೇಕು, ಸಮಿತಿ ಅವನ್ನು ಪೂರ್ತಿ ಓದಿರಬೇಕು ಎಂಬ ಸರಳ ನಿಯಮ. ಆ ಲೇಖನದಿಂದ ಯಾವ ಚಿಕಿತ್ಸಾ ಸೂಚನೆ ಬದಲಾಯಿತು, ಯಾವ ತಾಲೂಕು ಆಸ್ಪತ್ರೆಯಲ್ಲಿ ಪರೀಕ್ಷೆ ಶುರುವಾಯಿತು ಅಥವಾ ನಿಂತಿತು, ಆಶಾ ಕಾರ್ಯಕರ್ತೆಯರ ಕೈಗೆ ಕನ್ನಡದಲ್ಲಿ ಏನು ತಲುಪಿತು ಎಂಬುದನ್ನು ದಾಖಲೆ ಸಮೇತ ಕೇಳಬಹುದು. ಉಲ್ಲೇಖಗಳ ಸಂಖ್ಯೆಯೂ ಅಲ್ಲೇ ಪಕ್ಕದಲ್ಲಿರಲಿ, ಆ ರೋಗದ ಬಗ್ಗೆ ಜಗತ್ತಿನಲ್ಲಿ ವರ್ಷಕ್ಕೆ ಎಷ್ಟು ಲೇಖನ ಬರುತ್ತದೆ ಎಂಬ ಸಂಖ್ಯೆಯ ಜೊತೆಗೆ. ಇದಕ್ಕೆ ಸಮಯ ಬೇಕು, ಓದಬಲ್ಲ ಸದಸ್ಯರು ಬೇಕು, ಅದು ಖರ್ಚಿನ ಬಾಬತ್ತು ಎಂಬುದು ಸರಿಯೇ. ನಾಲ್ಕು ದಶಕ ಒಬ್ಬ ಪ್ರಾಧ್ಯಾಪಕರ ಸಂಬಳ ಕೊಡುವ ಸರ್ಕಾರಕ್ಕೆ ಅವರ ಮೂರು ಲೇಖನ ಓದಿಸುವ ಖರ್ಚು ಹೊರೆಯೆಂದು ನನಗೆ ಅನ್ನಿಸುವುದಿಲ್ಲ.

ಇದು ಬರೀ ಸಿದ್ಧಾಂತದ ಚರ್ಚೆಯಾಗಿ ಉಳಿಯದು, ಏಕೆಂದರೆ ಮಂಗನ ಕಾಯಿಲೆಗೆ ಹೊಸ ಲಸಿಕೆ ತಯಾರಿಯಲ್ಲಿದೆ. ಐಸಿಎಂಆರ್ ಮತ್ತು ಹೈದರಾಬಾದಿನ ಇಂಡಿಯನ್ ಇಮ್ಯುನಾಲಾಜಿಕಲ್ಸ್ ಕಂಪನಿ ಆ ಕೆಲಸದಲ್ಲಿವೆ. ಲಸಿಕೆ ಕಂಡುಹಿಡಿದವರ ಲೇಖನ ದೊಡ್ಡ ಜರ್ನಲ್ಲಿನಲ್ಲಿ ಬಂದೀತು, ಉಲ್ಲೇಖಗಳೂ ಬಂದಾವು, ಬರಲಿ. ಅದು ಹಳ್ಳಿಗೆ ಬಂದ ಮೇಲೆ ನಿಜವಾಗಿ ಎಷ್ಟು ಕಾಪಾಡುತ್ತದೆ ಎಂದು ತಿಳಿಯಲು ಮತ್ತೆ ಐದಾರು ವರ್ಷ ಬೇಕಾಗುತ್ತದೆ: ಯಾವ ಊರಿನಲ್ಲಿ ಯಾರಿಗೆ ಎಷ್ಟು ಡೋಸು, ಯಾರು ಬೂಸ್ಟರ್ ತಪ್ಪಿಸಿಕೊಂಡರು, ಜ್ವರ ಬಂದವರ ರಕ್ತ ಯಾವ ದಿನ ಪ್ರಯೋಗಾಲಯಕ್ಕೆ ಹೋಯಿತು ಎಂಬ ಬೇಸರದ ದಾಖಲೆ ಕೆಲಸ. ಅದನ್ನು ಮಾಡಬೇಕಾದವರು ಪ್ರಾಥಮಿಕ ಆರೋಗ್ಯ ಕೇಂದ್ರಗಳ ವೈದ್ಯರು, ಜಿಲ್ಲಾ ಪ್ರಯೋಗಾಲಯದವರು, ಹತ್ತಿರದ ವೈದ್ಯಕೀಯ ಕಾಲೇಜಿನ ಸಮುದಾಯ ವೈದ್ಯಶಾಸ್ತ್ರ ವಿಭಾಗದ ಕಿರಿಯ ಅಧ್ಯಾಪಕರು. ಅವರಲ್ಲಿ ಯಾರಾದರೂ ಈಗಿನ ನಿಯಮ ಪುಸ್ತಕ ಓದಿ ಲೆಕ್ಕ ಹಾಕಿದರೆ, ಐದಾರು ವರ್ಷ ಸಿದ್ದಾಪುರದ ಬೆಟ್ಟಗಳಲ್ಲಿ ಅಲೆದು ಒಂದು ಲೇಖನ ಬರೆಯುವುದಕ್ಕಿಂತ, ಅಷ್ಟೇ ಹೊತ್ತಿನಲ್ಲಿ ಆಸ್ಪತ್ರೆಯ ಹೊರರೋಗಿಗಳ ಸಕ್ಕರೆ ಕಾಯಿಲೆಯ ಅಂಕಿ ಹಿಡಿದು ಆರು ಲೇಖನ ಬರೆಯುವುದು ಲಾಭ ಎಂಬ ಉತ್ತರವೇ ಬರುತ್ತದೆ.